ಎಕ್ಸ್‌ರೇ ರೂಮಿನಿಂದ ಓಡಿಹೋಗಬೇಡಿ

"ಮೇಡಂ, ನಮ್ಮನ್ನ ಎಂಆರ್‌ಐಗೆ ಯಾವಾಗ ಹಾಕ್ತೀರಿ?"

ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿಗೆ ಸೇರಿದ ಮಕ್ಕಳು ಆಸ್ಪತ್ರೆ ಪೋಸ್ಟಿಂಗ್ ಶುರುವಾದ ಕೂಡಲೇ ಕೇಳುವ ಪ್ರಶ್ನೆ ಇದು. ಎಂಆರ್‌ಐ ಇಲ್ಲವೆಂದರೆ ಸಿಟಿ. ಎಕ್ಸ್‌ರೇ ರೂಮಿಗೆ ಹೋಗಿ ಅಂದರೆ ಮುಖ ಸಪ್ಪಗಾಗುತ್ತದೆ. ಕೆಲವರ ಅಪ್ಪ ಅಮ್ಮನೂ ಫೋನ್ ಮಾಡುತ್ತಾರೆ. "ಬರೀ ಎಕ್ಸ್‌ರೇನೇ ತೆಗೆಸ್ತಾ ಇದ್ದಾರಂತೆ. ಇಷ್ಟು ಫೀಸ್ ಕಟ್ಟಿ ಓದಿಸ್ತಿರೋದು ಅದಕ್ಕಾ?"

ಮಲೆನಾಡಿನ ಬೋಧಕ ಆಸ್ಪತ್ರೆಯೊಂದರಲ್ಲಿ ರೇಡಿಯೋಗ್ರಾಫರ್ ಆಗಿ ಕೆಲಸ ಮಾಡುತ್ತಾ, ಈ ಮಕ್ಕಳಿಗೆ ಪಾಠವನ್ನೂ ಮಾಡುತ್ತೇನೆ. ಈ ಮಾತು ಕೇಳಿ ಕೇಳಿ ನನಗೆ ನಿಜವಾಗಿಯೂ ಬೇಸರವಾಗಿದೆ. ಹೌದು, ಅದಕ್ಕೇ ಓದಿಸ್ತಿರೋದು ಅಂತ ಫೋನಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸೀಟು, ಫೀಸು, ಹಾಸ್ಟೆಲ್ ವಿಷಯವೆಲ್ಲ ಕಾಲೇಜಿನವರೇ ಹೇಳುತ್ತಾರೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ನಾನು ಕಂಡಂತೆ ಮೂರು ವರ್ಷ ಓದು, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. 2021ರಲ್ಲಿ ನಮ್ಮಂಥ ಅಲೈಡ್ ಹೆಲ್ತ್‌ಕೇರ್ ವೃತ್ತಿಗಳಿಗೆಂದೇ ದೇಶಕ್ಕೆಲ್ಲ ಒಂದು ಕಾಯ್ದೆ ಬಂದಿದೆ. ಅದರಡಿ ನಿಯಮಗಳು ಬದಲಾಗಬಹುದು. ನೀವು ಸೇರುವ ವರ್ಷ ಏನಿದೆ ಅಂತ ವಿಶ್ವವಿದ್ಯಾಲಯದಲ್ಲೇ ಕೇಳಿಕೊಳ್ಳಿ, ಪಕ್ಕದ ಮನೆಯವರ ಮಾತು ನಂಬಬೇಡಿ.

ಇನ್ನೊಂದನ್ನೂ ಬೇಗ ಹೇಳಿಬಿಡುತ್ತೇನೆ. ನಮ್ಮ ಕಡೆ ಸ್ಕ್ಯಾನಿಂಗ್ ಅಂದರೆ ಹೊಟ್ಟೆಗೆ ಜೆಲ್ ಹಚ್ಚಿ ಮಾಡುವ ಅಲ್ಟ್ರಾಸೌಂಡ್. ಈ ಡಿಗ್ರಿ ಮುಗಿಸಿ ತಾವೇ ಸ್ಕ್ಯಾನಿಂಗ್ ಮಾಡಬಹುದು ಅಂದುಕೊಂಡು ಸೇರುವವರಿದ್ದಾರೆ. ಆಗುವುದಿಲ್ಲ. ಭ್ರೂಣದ ಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಇರುವುದರಿಂದ ನಮ್ಮಲ್ಲಿ ಅದು ಅರ್ಹತೆ ಇರುವ ವೈದ್ಯರ ಕೆಲಸ. ಬ್ರಿಟನ್ನಿನಲ್ಲಿ ರೇಡಿಯೋಗ್ರಾಫರುಗಳು ಬೇರೆ ತರಬೇತಿ ಪಡೆದು ಅಲ್ಟ್ರಾಸೌಂಡ್ ಮಾಡುತ್ತಾರೆ. ಅಲ್ಲಿಯ ಯೂಟ್ಯೂಬ್ ವಿಡಿಯೋ ನೋಡಿ ಇಲ್ಲಿ ಸೇರಬೇಡಿ.

ಈಗ ಎಕ್ಸ್‌ರೇಗೆ ಬರೋಣ. ಬಟನ್ ಒತ್ತುವುದು ಕಲಿಯೋಕೆ ಡಿಗ್ರಿ ಬೇಕಾ ಅಂತ ಕೇಳುತ್ತಾರೆ. ಬಟನ್ ಒತ್ತಿದ ಮೇಲೆ ಎಕ್ಸ್‌ರೇ ಬರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ನಮ್ಮ ಕೆಲಸವೆಲ್ಲ ಅದಕ್ಕೂ ಮೊದಲೇ ಮುಗಿದಿರಬೇಕು.

ಎದೆಯ ಎಕ್ಸ್‌ರೇಯನ್ನೇ ತೆಗೆದುಕೊಳ್ಳಿ. ದಿನಕ್ಕೆ ಎಷ್ಟೋ ಬರುತ್ತವೆ, ಅದಕ್ಕೇ ಮಕ್ಕಳಿಗೆ ಸಸಾರ. ರೋಗಿಯನ್ನು ಎದೆ ಸ್ಟ್ಯಾಂಡಿಗೆ ತಾಗುವಂತೆ ನಿಲ್ಲಿಸುತ್ತೇವೆ. ಕಿರಣ ಬೆನ್ನಿನ ಕಡೆಯಿಂದ ಬರುತ್ತದೆ. ಕಿರಣ ಹೊರಡುವ ಟ್ಯೂಬ್ 180 ಸೆಂಟಿಮೀಟರ್ ದೂರ ಇರುತ್ತದೆ. ಯಾಕೆ? ಹೃದಯ ಎದೆಯ ಮುಂಭಾಗಕ್ಕೆ ಹತ್ತಿರ. ಅದು ಸ್ಟ್ಯಾಂಡಿನಲ್ಲಿ ಚಿತ್ರ ಹಿಡಿಯುವ ಡಿಟೆಕ್ಟರಿಗೆ ಹತ್ತಿರ ಇದ್ದಷ್ಟೂ, ಟ್ಯೂಬ್ ದೂರ ಇದ್ದಷ್ಟೂ ಅದರ ನೆರಳು ನಿಜವಾದ ಗಾತ್ರಕ್ಕೆ ಹತ್ತಿರವಾಗಿ ಬೀಳುತ್ತದೆ. ಅದೇ ರೋಗಿಯನ್ನು ವಾರ್ಡಿನ ಮಂಚದ ಮೇಲೆ ಮಲಗಿಸಿ, ಮುಂದಿನಿಂದ, ಹತ್ತಿರದಿಂದ ಪೋರ್ಟಬಲ್ ಮಷಿನಿನಲ್ಲಿ ತೆಗೆದರೆ ಹೃದಯ ದೊಡ್ಡದಾಗಿ ಕಾಣುತ್ತದೆ. ದೊಡ್ಡದಾಗಿರುವುದು ನೆರಳು ಮಾತ್ರ. ಹೇಗೆ ತೆಗೆದಿದ್ದು ಅಂತ ಫಿಲ್ಮಿನ ಮೇಲೆ ಬರೆಯದಿದ್ದರೆ ಓದುವ ಡಾಕ್ಟರಿಗೆ ಇದು ಗೊತ್ತಾಗುವುದು ಹೇಗೆ?

ರೋಗಿ ಸ್ವಲ್ಪ ತಿರುಗಿ ನಿಂತಿದ್ದರೂ ಕಷ್ಟ. ಒಂದು ಕಡೆಯ ಶ್ವಾಸಕೋಶ ಇನ್ನೊಂದಕ್ಕಿಂತ ಕಪ್ಪಾಗಿ ಕಾಣಬಹುದು, ಶ್ವಾಸನಾಳ ಪಕ್ಕಕ್ಕೆ ಸರಿದಂತೆ ಕಾಣಬಹುದು. ಹಾಗಾಗಿ ಎರಡೂ ಕಾಲರ್ ಬೋನುಗಳ ಒಳತುದಿ ಬೆನ್ನುಮೂಳೆಯಿಂದ ಸಮ ದೂರದಲ್ಲಿದೆಯಾ ನೋಡಬೇಕು. ಭುಜ ಮುಂದಕ್ಕೆ ತಳ್ಳಿಸಬೇಕು, ಇಲ್ಲದಿದ್ದರೆ ಹೆಗಲ ಮೂಳೆ ಶ್ವಾಸಕೋಶದ ಮೇಲೆ ಬೀಳುತ್ತದೆ. ಉಸಿರು ಪೂರ್ತಿ ಎಳೆದಿರಬೇಕು. ಅರ್ಧ ಉಸಿರಿನಲ್ಲಿ ತೆಗೆದ ಎದೆಯ ಕೆಳಭಾಗ ಬೆಳ್ಳಗೆ ಮಬ್ಬಾಗಿ ಬರುತ್ತದೆ. ಅದನ್ನು ನ್ಯುಮೋನಿಯಾ ಅಂದುಕೊಳ್ಳುವುದು ಸುಲಭ.

"ಉಸಿರು ಜೋರಾಗಿ ಎಳ್ಕೊಳ್ಳಿ... ಹಾಗೇ ಹಿಡ್ಕೊಳ್ಳಿ... ಹಾಂ, ಬಿಡಿ." ಕೇರಳದಿಂದ ಬಂದ ಎಷ್ಟೋ ಮಕ್ಕಳು ನಮ್ಮಲ್ಲಿ ಮೊದಲು ಕಲಿಯುವ ಕನ್ನಡ ಇದು. ಹೇಳುವುದನ್ನು ಕಲಿತರೆ ಸಾಲದು, ರೋಗಿಯ ಬೆನ್ನು ನೋಡುತ್ತಾ ಹೇಳಬೇಕು. ಕೆಮ್ಮಿ ಕೆಮ್ಮಿ ಸುಸ್ತಾದ ಅಜ್ಜನಿಗೆ ಆ ವೇಗದಲ್ಲಿ ಆಗುವುದಿಲ್ಲ. ಒಂದು ಸಲ ಸುಮ್ನೆ ಅಭ್ಯಾಸ ಮಾಡಿಸಿ, ಎರಡನೇ ಸಲ ತೆಗೆಯಬೇಕು. ಅಷ್ಟು ತಾಳ್ಮೆ ಇದ್ದರೆ ರಿಪೀಟ್ ತಪ್ಪುತ್ತದೆ. ರಿಪೀಟ್ ಅಂದರೆ ಅದೇ ಅಜ್ಜನಿಗೆ ಇನ್ನೊಂದು ಡೋಸ್ ರೇಡಿಯೇಶನ್.

ಹೊಟ್ಟೆನೋವಿನ ರೋಗಿಗೆ ಕರುಳೋ ಜಠರವೋ ತೂತಾಗಿರಬಹುದು ಅಂತ ಸಂಶಯ ಬಂದರೆ ಡಾಕ್ಟರು ನಿಲ್ಲಿಸಿ ಎಕ್ಸ್‌ರೇ ಕೇಳುತ್ತಾರೆ. ಹೊರಗೆ ಬಂದ ಗಾಳಿ ಮೇಲಕ್ಕೇರಿ ವಪೆಯ (ಎದೆ ಹೊಟ್ಟೆ ಬೇರ್ಪಡಿಸುವ ಸ್ನಾಯು) ಕೆಳಗೆ ಕಪ್ಪು ಗೆರೆಯಾಗಿ ಕಾಣಬೇಕು. ಸ್ಟ್ರೆಚರಿನಿಂದ ಎಬ್ಬಿಸಿ ಆ ಕ್ಷಣಕ್ಕೇ ಕ್ಲಿಕ್ ಮಾಡಿದರೆ ಗಾಳಿಗೆ ಮೇಲೇರಲು ಸಮಯ ಎಲ್ಲಿದೆ? ಹತ್ತು ನಿಮಿಷ ಕೂರಿಸಬೇಕು. ಕೂರಲಾಗದಿದ್ದರೆ ಎಡ ಮಗ್ಗುಲಿಗೆ ಮಲಗಿಸಿ ಅಡ್ಡ ಕಿರಣದಲ್ಲಿ ತೆಗೆಯಬೇಕು. ಈ ಹತ್ತು ನಿಮಿಷವನ್ನು ಯಾವ ಮಷಿನ್ನೂ ನೆನಪಿಸುವುದಿಲ್ಲ.

ಕೊನೆಯ ವರ್ಷದ ಒಬ್ಬ ಹುಡುಗನನ್ನು ಇಲ್ಲಿ ನೆನೆಯಲೇಬೇಕು. ಅಡಿಕೆ ಕೊಯ್ಲಿನ ದಿನಗಳಲ್ಲಿ ಮರದಿಂದ ಬಿದ್ದವರು ನಮ್ಮಲ್ಲಿಗೆ ಬರುತ್ತಾರೆ. ಅವತ್ತು ಒಬ್ಬರು ಕಾಲ ಮೇಲೆ ನೇರ ಬಿದ್ದಿದ್ದರು. ಚೀಟಿಯಲ್ಲಿ ಬರೆದಿದ್ದು ಹಿಮ್ಮಡಿ ಎಕ್ಸ್‌ರೇ ಮಾತ್ರ. ಇವನು ಕಾಲು ಎತ್ತಿ ಕೂರಿಸುವಾಗ ಅವರು ಸೊಂಟ ಹಿಡಿದುಕೊಂಡರು. "ಅಣ್ಣಾ, ಸೊಂಟದಲ್ಲೂ ನೋವಿದೆಯಾ?" "ಕಾಲಿನ ನೋವಿನ ಮುಂದೆ ಅದೇನ್ ಬಿಡಿ." ಇವನು ಬಿಡಲಿಲ್ಲ. ಅವರನ್ನು ಅಲುಗಾಡಿಸುವುದನ್ನು ನಿಲ್ಲಿಸಿ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದ. ಅವರು ಬೆನ್ನಿನ ಎಕ್ಸ್‌ರೇಯನ್ನೂ ಸೇರಿಸಿ ಬರೆದುಕೊಟ್ಟರು. ರೋಗಿಯನ್ನು ಹೊರಳಿಸದೆ, ಟ್ಯೂಬನ್ನೇ ಅಡ್ಡ ತಿರುಗಿಸಿ ಪಕ್ಕದಿಂದ ತೆಗೆದ. ಒಂದು ಕಶೇರು ಕುಸಿದಿತ್ತು.

ಎತ್ತರದಿಂದ ಹಿಮ್ಮಡಿಯ ಮೇಲೆ ಬಿದ್ದ ಪೆಟ್ಟು ಬೆನ್ನುಮೂಳೆಗೂ ಏರುತ್ತದೆ ಅಂತ ಪುಸ್ತಕದಲ್ಲಿದೆ. ಆದರೆ ಆ ಹೊತ್ತಿಗೆ ಅದು ನೆನಪಾಗಬೇಕು, ಆ ಮನುಷ್ಯನ ಮುಖ ನೋಡುವ ಅಭ್ಯಾಸ ಇರಬೇಕು. ತಪ್ಪು ತಿಳಿಯಬೇಡಿ, ರೋಗ ಏನು ಅಂತ ಹೇಳುವುದು ನಮ್ಮ ಕೆಲಸವಲ್ಲ. ರೋಗಿಗೆ "ಮುರಿದಿದೆ" ಅಂತ ನಾವು ಹೇಳಬಾರದು, ಅದು ಡಾಕ್ಟರ ಮಾತು. ಕಂಡದ್ದನ್ನು ಡಾಕ್ಟರಿಗೆ ಮುಟ್ಟಿಸುವುದು ಮಾತ್ರ ಖಂಡಿತ ನಮ್ಮ ಕೆಲಸ.

ಇನ್ನು ನಾನು ಕ್ಲಾಸಿನಲ್ಲಿ ಗಂಟಲು ಹರಿಯುವಷ್ಟು ಹೇಳುವ ಮಾತು. ಚಿತ್ರ ಚೆನ್ನಾಗಿ ಬಂದಿದೆ ಅಂದಮಾತ್ರಕ್ಕೆ ನೀವು ತೆಗೆದದ್ದು ಸರಿ ಅಂತ ಅಲ್ಲ.

ಫಿಲ್ಮ್ ಮತ್ತು ಡಾರ್ಕ್ ರೂಮ್ ಇದ್ದಾಗ ಎಕ್ಸ್‌ಪೋಶರ್, ಅಂದರೆ ಕೊಡುವ ಕಿರಣದ ಪ್ರಮಾಣ, ಜಾಸ್ತಿಯಾದರೆ ಫಿಲ್ಮ್ ಕಪ್ಪಗೆ ಬರುತ್ತಿತ್ತು, ಕಡಿಮೆಯಾದರೆ ಬೆಳ್ಳಗೆ. ತಪ್ಪು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಡಿಜಿಟಲ್‌ನಲ್ಲಿ ಹಾಗಿಲ್ಲ. ಕಂಪ್ಯೂಟರ್ ಬೆಳಕು ನೆರಳನ್ನು ತಾನೇ ಸರಿಮಾಡಿ ತೋರಿಸುತ್ತದೆ. ಕಡಿಮೆ ಕೊಟ್ಟರೆ ಚಿತ್ರ ಮರಳು ಮರಳಾಗಿ ಬರುತ್ತದೆ, ರೇಡಿಯಾಲಜಿಸ್ಟ್ ಬೈಯುತ್ತಾರೆ. ಎರಡು ಪಟ್ಟು ಕೊಟ್ಟರೆ? ಚಿತ್ರ ಇನ್ನೂ ನುಣ್ಣಗೆ, ಇನ್ನೂ ಚೆನ್ನಾಗಿ ಬರುತ್ತದೆ. ಬೈಯುವವರು ಯಾರೂ ಇಲ್ಲ. ರೋಗಿಗೆ ಎರಡು ಪಟ್ಟು ಡೋಸ್ ಹೋಗಿದೆ, ಅದು ಅವರಿಗೆ ಗೊತ್ತಾಗುವುದೂ ಇಲ್ಲ.

ಹೀಗಾಗಿ ಕೈ ತಾನಾಗಿಯೇ ಮೇಲಕ್ಕೆ ಹೋಗುತ್ತದೆ. ಇವತ್ತು ಎಮ್‌ಎಎಸ್ (ಕಿರಣದ ಪ್ರಮಾಣ ನಿರ್ಧರಿಸುವ ಸೆಟ್ಟಿಂಗ್) ಸ್ವಲ್ಪ ಜಾಸ್ತಿ, ನಾಳೆ ಇನ್ನೂ ಸ್ವಲ್ಪ. ಇದನ್ನು ಎಕ್ಸ್‌ಪೋಶರ್ ಕ್ರೀಪ್ ಅನ್ನುತ್ತಾರೆ. ತಡೆಯುವ ದಾರಿ ಪರದೆಯ ಮೂಲೆಯಲ್ಲೇ ಇದೆ. ಈಗಿನ ಹೆಚ್ಚಿನ ಮಷಿನುಗಳು ಡಿವಿಯೇಶನ್ ಇಂಡೆಕ್ಸ್ ಅಂತ ಒಂದು ಅಂಕಿ ತೋರಿಸುತ್ತವೆ. ಸೊನ್ನೆ ಇದ್ದರೆ ಗುರಿಯಿಟ್ಟಷ್ಟೇ ಎಕ್ಸ್‌ಪೋಶರ್ ಹೋಗಿದೆ. ಪ್ಲಸ್ 3 ಅಂದರೆ ಸುಮಾರು ಎರಡು ಪಟ್ಟು, ಮೈನಸ್ 3 ಅಂದರೆ ಸುಮಾರು ಅರ್ಧ. ಕ್ಯಾಸೆಟ್ ಹಾಕಿ ಓದಿಸುವ ಹಳೆಯ ಕೆಲವು ಸಿಆರ್ ಮಷಿನುಗಳಲ್ಲಿ ಲೆಕ್ಕವೇ ಉಲ್ಟಾ, ಅಂಕಿ ದೊಡ್ಡದಾದಷ್ಟೂ ಎಕ್ಸ್‌ಪೋಶರ್ ಕಡಿಮೆ. ನಿಮ್ಮ ಮಷಿನಿನದು ಯಾವುದು ಅಂತ ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ. ಪ್ರತಿ ಚಿತ್ರ ಬಂದಾಗ ಆ ಅಂಕಿ ನೋಡಿ. ಚಿತ್ರ ಚೆನ್ನಾಗಿದ್ದಾಗ ತಪ್ಪದೇ ನೋಡಿ. ಆ ಅಂಕಿಯೂ ಯಾವಾಗಲೂ ನೂರಕ್ಕೆ ನೂರು ಸರಿ ಅಂತಲ್ಲ, ಸೆಂಟರಿಂಗ್ (ಕಿರಣದ ನಡುವನ್ನು ಸರಿಯಾದ ಜಾಗಕ್ಕೆ ಹಿಡಿಯುವುದು) ತಪ್ಪಿದ್ದರೆ ಅದೂ ಏರುಪೇರಾಗುತ್ತದೆ. ಆದರೂ ಅದನ್ನು ನೋಡದೆ ಕೆಲಸ ಮಾಡಬಾರದು.

ಕೋಲಿಮೇಶನ್, ಅಂದರೆ ಕಿರಣ ಬೀಳುವ ಜಾಗವನ್ನು ಕಿರಿದು ಮಾಡುವುದು, ಅದರ ಕತೆಯೂ ಇದೇ. ಮಗುವಿನ ಮೊಣಕೈ ತೆಗೆಯಬೇಕು. ಬೆಳಕಿನ ಚೌಕವನ್ನು ಮೊಣಕೈಗೆ ಎಷ್ಟು ಬೇಕೋ ಅಷ್ಟಕ್ಕೇ ಇಳಿಸಬೇಕು. ಅವಸರದಲ್ಲಿ ಅಗಲವಾಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಅಂಚು ಕತ್ತರಿಸುತ್ತಾರೆ. ಪರದೆಯ ಮೇಲೆ ಎಲ್ಲ ಅಚ್ಚುಕಟ್ಟು. ಆದರೆ ಕತ್ತರಿಸಿದ್ದು ಚಿತ್ರವನ್ನು ಮಾತ್ರ. ಕಿರಣ ಆಗಲೇ ಮಗುವಿನ ಎದೆಗೂ ಹೊಟ್ಟೆಗೂ ಹೋಗಿ ಆಗಿದೆ. ಎಡ ಬಲ ಗುರುತಿನ ಸೀಸದ ಮಾರ್ಕರ್ ಇಡದೆ, ಆಮೇಲೆ ಕಂಪ್ಯೂಟರಿನಲ್ಲಿ ಅಕ್ಷರ ಹಾಕಿದರಾಯ್ತು ಅನ್ನುವವರೂ ಇದ್ದಾರೆ. ಹತ್ತು ರೋಗಿಗಳಾದ ಮೇಲೆ ಯಾರ ಯಾವ ಕೈ ಅಂತ ನೆನಪಿರುತ್ತದೆಯೇ?

ಈ ಅಭ್ಯಾಸಗಳು ಸಿಟಿಗೂ ಜೊತೆಗೇ ಬರುತ್ತವೆ, ಒಳ್ಳೆಯವೂ ಬರುತ್ತವೆ ಕೆಟ್ಟವೂ ಬರುತ್ತವೆ. ಸಿಟಿಯಲ್ಲಿ ಪ್ರೋಟೋಕಾಲ್ ಮೊದಲೇ ಸಿದ್ಧವಾಗಿರುತ್ತದೆ. ಹೊಸಬರ ಕೈಯಲ್ಲೂ ಚಿತ್ರ ಬರುತ್ತದೆ. ಅದಕ್ಕೇ ಮಕ್ಕಳಿಗೆ ಅದು ದೊಡ್ಡ ವಿದ್ಯೆ ಅನ್ನಿಸುತ್ತದೆ. ಆದರೆ ರೋಗಿ ಸಿಟಿ ಮಷಿನಿನ ಬಳೆಯಂಥ ಗ್ಯಾಂಟ್ರಿಯ ಸರಿಯಾದ ನಡುವಿಗಿಲ್ಲದೆ ಕೆಳಗೋ ಮೇಲೋ ಇದ್ದರೆ, ಮಷಿನ್ ಅವರ ಗಾತ್ರವನ್ನು ತಪ್ಪಾಗಿ ಅಂದಾಜು ಮಾಡುತ್ತದೆ. ಡೋಸ್ ಲೆಕ್ಕವೂ ತಪ್ಪುತ್ತದೆ. ಸೆಂಟರಿಂಗ್ ಮಾಡುವ ಕಣ್ಣು ಬೆಳೆಯುವುದು ಎಕ್ಸ್‌ರೇ ಟೇಬಲ್ಲಿನ ಪಕ್ಕದಲ್ಲಿ. ಅಲ್ಲಿ ಪ್ರತಿ ರೋಗಿಗೂ ದೂರ, ಕೋನ, ಕೆವಿ (ಕಿರಣದ ತೂರುವ ಶಕ್ತಿ), ಎಮ್‌ಎಎಸ್ ಎಲ್ಲವನ್ನೂ ನೀವೇ ಯೋಚಿಸಬೇಕು. ದಪ್ಪಗಿರುವವರು, ಕೈ ಮಡಿಸಲಾಗದವರು, ಅಳುವ ಮಗು, ಪಿಒಪಿ ಹಾಕಿದ ಕಾಲು, ಒಬ್ಬರ ಹಾಗೆ ಇನ್ನೊಬ್ಬರಿಲ್ಲ. ಎಂಆರ್‌ಐ ಬೇಡ ಅಂತ ನಾನು ಹೇಳುತ್ತಿಲ್ಲ. ಅದರ ಫಿಸಿಕ್ಸ್ ಬೇರೆ, ಅಯಸ್ಕಾಂತದ ಅಪಾಯ ಬೇರೆ, ಚೆನ್ನಾಗಿ ಕಲಿಯಲೇಬೇಕು. ಎಕ್ಸ್‌ರೇ ಬಿಟ್ಟು ಅಲ್ಲಿಗೆ ಹಾರಬೇಡಿ ಅನ್ನುವುದಷ್ಟೇ ನನ್ನ ಮಾತು.

ಮಗಳಿಗೆ ರೇಡಿಯೇಶನ್ನಿಂದ ಏನಾದರೂ ಆಗುತ್ತಾ ಅಂತ ಕೇಳುವ ತಾಯಂದಿರಿಗೆ ಎರಡು ಮಾತು. ಭಯ ಸಹಜ. ಅಣುಶಕ್ತಿ ನಿಯಂತ್ರಣ ಮಂಡಳಿ ಕೆಲಸದವರಿಗೆ ಮಿತಿ ಹಾಕಿದೆ. ಐದು ವರ್ಷದ ಸರಾಸರಿ ತೆಗೆದರೆ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲಿದ ರೇಡಿಯೇಶನ್ ಅಳೆಯುವ ಮಾನ), ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು. ಗೋಡೆಯ ಹಿಂದೆ ನಿಂತು ಸರಿಯಾಗಿ ಎಕ್ಸ್‌ರೇ ಮಾಡುವವರ ಲೆಕ್ಕ ಸಾಮಾನ್ಯವಾಗಿ ಇದಕ್ಕಿಂತ ಬಹಳ ಕೆಳಗಿರುತ್ತದೆ. ಅದನ್ನು ಅಳೆಯಲು ಟಿಎಲ್‌ಡಿ ಬ್ಯಾಡ್ಜ್ ಇದೆ. ಸೀಸದ ಏಪ್ರನ್ ಹಾಕಿದಾಗ ಬ್ಯಾಡ್ಜ್ ಅದರ ಒಳಗೆ, ಎದೆಯ ಮೇಲಿರಬೇಕು. ಮಗಳಿಗೆ ಬ್ಯಾಡ್ಜ್ ಕೊಟ್ಟಿದ್ದಾರಾ ಕೇಳಿ. ಅಳುವ ಮಗುವನ್ನು ಹಿಡಿಯಲು ದಿನಾ ವಿದ್ಯಾರ್ಥಿಗಳನ್ನೇ ಒಳಗೆ ನಿಲ್ಲಿಸುವ ಕಡೆ ಇದ್ದರೆ ಪ್ರಶ್ನೆ ಮಾಡಿ. ಹಿಡಿಯಲೇಬೇಕಾದರೆ ಏಪ್ರನ್ ಹಾಕಿಸಿ ಮಗುವಿನ ಮನೆಯವರನ್ನು ನಿಲ್ಲಿಸಬೇಕು, ಹಿಡಿಯುವವರು ಗರ್ಭಿಣಿ ಅಲ್ಲ ಅಂತ ಖಚಿತ ಮಾಡಿಕೊಂಡು. ಮಕ್ಕಳೇ, ನಿಮಗೂ ಒಂದು ಮಾತು. ಪೊಸಿಷನ್ ಅಭ್ಯಾಸಕ್ಕೆ ಒಬ್ಬರನ್ನೊಬ್ಬರು ಮಲಗಿಸಿಕೊಳ್ಳಿ, ಚೌಕ ಹಾಕಿ, ಮಾರ್ಕರ್ ಇಡಿ. ಎಕ್ಸ್‌ಪೋಶರ್ ಮಾತ್ರ ಕೊಡಬೇಡಿ, ತಮಾಷೆಗೂ ಬೇಡ.

ವಿದೇಶಕ್ಕೆ ಹೋಗುವ ಆಸೆ ಇರುವವರು ಈಗ ಜಾಸ್ತಿ. ಬ್ರಿಟನ್ನಿನಲ್ಲಿ ರೇಡಿಯೋಗ್ರಾಫರ್ ಆಗಬೇಕಾದರೆ ಎಚ್‌ಸಿಪಿಸಿ ಅನ್ನುವ ಸಂಸ್ಥೆಯಲ್ಲಿ ನೋಂದಣಿ ಬೇಕು. ಅವರು ಕೋರ್ಸಿನಲ್ಲಿ ಏನೇನಿತ್ತು, ಏನು ಕೆಲಸ ಮಾಡಿದ್ದೀರಿ ಅಂತ ನೋಡುತ್ತಾರೆ. ಇಂಟರ್ನ್‌ಶಿಪ್ಪಿನಲ್ಲಿ ಮಾಡಿದ ಕೆಲಸವನ್ನು ಲಾಗ್‌ಬುಕ್ಕಿನಲ್ಲಿ ಅಂದಂದೇ ಬರೆದಿಡಿ. ಕೊನೆಯ ವಾರ ಗೆಳೆಯರ ಪುಸ್ತಕ ನೋಡಿ ತುಂಬಿಸಿದ್ದು ಇಂಟರ್‌ವ್ಯೂನಲ್ಲಿ ನಿಲ್ಲುವುದಿಲ್ಲ.

ಕಾಲೇಜು ಆರಿಸುವ ಮುಂಚೆ ಬ್ರೋಶರಿನಲ್ಲಿ ಎಂಆರ್‌ಐ ಅಯಸ್ಕಾಂತದ ಬಲ ಎಷ್ಟು ಟೆಸ್ಲಾ ಅಂತ ನೋಡುತ್ತೀರಲ್ವಾ? ನೋಡಿ, ಬೇಡ ಅನ್ನುವುದಿಲ್ಲ. ಆದರೆ ಒಂದು ಸೋಮವಾರ ಬೆಳಿಗ್ಗೆ ಓಪಿಡಿ ಹೊತ್ತಿಗೆ ಆ ಕಾಲೇಜಿನ ಆಸ್ಪತ್ರೆಗೆ ಹೋಗಿ, ಎಕ್ಸ್‌ರೇ ರೂಮಿನ ಹೊರಗಿನ ಬೆಂಚಿನಲ್ಲಿ ಕೂತುಕೊಳ್ಳಿ. ರೋಗಿಗಳು ಬರುತ್ತಿದ್ದಾರಾ, ವಿದ್ಯಾರ್ಥಿಗಳ ಜೊತೆ ಹಿರಿಯರು ಯಾರಾದರೂ ನಿಂತಿದ್ದಾರಾ ಅಂತ ಗಮನಿಸಿ. ಅಲ್ಲಿನ ಸೀನಿಯರ್ ವಿದ್ಯಾರ್ಥಿಯೊಬ್ಬರನ್ನು ಹಿಡಿದು, ವಾರಕ್ಕೆ ಎಷ್ಟು ದಿನ ಈ ರೂಮಿನಲ್ಲಿ ನಿಮ್ಮ ಕೈಯಾರೆ ತೆಗೆಯುತ್ತೀರಿ, ತೆಗೆದದ್ದನ್ನು ತಿದ್ದಿ ಹೇಳುವವರು ಯಾರು ಅಂತ ಕೇಳಿ. ತಿದ್ದುವವರು ಯಾರೂ ಇಲ್ಲ ಅಂದರೆ ಬೇರೆ ಕಾಲೇಜು ನೋಡಿ.