ಯುಕೆಯಲ್ಲಿ ಮಾಸ್ಟರ್ಸ್ ಮುಗೀತು, ಪಿಆರ್ ಯಾವಾಗ? ಮತ್ತೆ ಅದೇ 1+2+2 ಲೆಕ್ಕ

ಪ್ರಶ್ನೆ ಒಂದೇ, ಕೇಳುವವರು ಮಾತ್ರ ಬೇರೆ ಬೇರೆ. ಒಮ್ಮೆ ಕದ್ರಿಯವರು, ಒಮ್ಮೆ ಕುಂದಾಪುರದವರು, ಈ ಸಲ ಉಡುಪಿಯಿಂದ ಒಬ್ರು: "ಸರ್, ಮಗಳ ಎಂಎಸ್ಸಿ ಸೆಪ್ಟೆಂಬರಿಗೆ ಮುಗೀತದೆ, ಪಿಎಸ್‌ಡಬ್ಲ್ಯು ಎರಡು ವರ್ಷ ಉಂಟಲ್ಲ, ಅದರ ಮೇಲೆ ಎರಡು ವರ್ಷ ಕೆಲಸ ಮಾಡಿದ್ರೆ ಪಿಆರ್ ಆಗ್ತದಂತೆ, ಹೌದಾ?"

ಇಲ್ಲ ಮಾರಾಯ್ರೆ. ಪಿಆರ್, ಅಂದ್ರೆ ಅಲ್ಲೇ ಕಾಯಂ ಆಗಿ ಇರ್ಲಿಕ್ಕೆ ಸಿಗುವ ಅನುಮತಿ, ಅಷ್ಟರಲ್ಲಿ ಆಗುದಿಲ್ಲ.

ಮೊದಲು ಆಗುವ ವಿಷಯ ಹೇಳಿಬಿಡ್ತೇನೆ, ಅದು ಸಣ್ಣದು. ನೀವು ಪಿಎಸ್‌ಡಬ್ಲ್ಯು ಅಂತ ಕರೆಯುದು ಈಗಿನ ಗ್ರಾಜುಯೇಟ್ ವೀಸಾ, ಓದು ಮುಗಿದ ಮೇಲೆ ಅಲ್ಲೇ ಇದ್ದು ಕೆಲಸ ಮಾಡ್ಲಿಕ್ಕೆ ಕೊಡುವಂಥದ್ದು, 2021 ಜುಲೈಯಲ್ಲಿ ಶುರುವಾದದ್ದು. ಕೆಲಸ ಸಿಕ್ಕಿರ್ಬೇಕು ಅಂತಿಲ್ಲ, ಸ್ಪಾನ್ಸರ್ (ವೀಸಾಕ್ಕೆ ಜವಾಬ್ದಾರಿ ಹೊರುವ ಕಂಪನಿ) ಬೇಡ, ಸಂಬಳ ಇಷ್ಟೇ ಇರ್ಬೇಕು ಅಂತಲೂ ಇಲ್ಲ. ಡಿಗ್ರಿ, ಮಾಸ್ಟರ್ಸ್‌ಗೆ 2 ವರ್ಷ, ಪಿಎಚ್‌ಡಿಗೆ 3. ಆದ್ರೆ 2027 ಜನವರಿ 1ರಿಂದ ಅರ್ಜಿ ಹಾಕುವ ಡಿಗ್ರಿ, ಮಾಸ್ಟರ್ಸ್‌ನವರಿಗೆ 18 ತಿಂಗಳು ಮಾತ್ರ. ಅರ್ಜಿ ಫೀ ಬೇರೆ, ಹೆಲ್ತ್ ಸರ್ಚಾರ್ಜ್ (ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ಕಟ್ಟುವ ದುಡ್ಡು) ವರ್ಷಕ್ಕೆ 1,035 ಪೌಂಡ್ ಬೇರೆ, ಅದನ್ನು ಕಂತಲ್ಲಿ ಅಲ್ಲ, ಮೊದಲೇ ಒಟ್ಟಿಗೆ ಕಟ್ಟುದು.

ಈಗ ಆ ಲೆಕ್ಕ. ಒಬ್ರು ಏಜೆಂಟ್ ಬ್ರೋಷರಿನ ಹಿಂದೆ ಬಾಲ್‌ಪೆನ್ನಲ್ಲಿ ಬರೆದುಕೊಟ್ಟದ್ದನ್ನು ನಾನೇ ನೋಡಿದ್ದೇನೆ: 1+2+2=5 (ಓದು ಒಂದು, ಗ್ರಾಜುಯೇಟ್ ವೀಸಾ ಎರಡು, ಆಮೇಲೆ ಕೆಲಸ ಎರಡು), ಕೆಳಗೆ ಎರಡು ಗೆರೆ ಎಳೆದು ಪಿಆರ್ ಅಂತ. ಕೂಡಿದ್ದು ಸರಿ ಉಂಟು, ಕೂಡಿದ ವಸ್ತುಗಳೇ ತಪ್ಪು. ಪಿಆರ್‌ಗೆ ಬೇಕಾದ ಐದು ವರ್ಷ ಅಂದ್ರೆ ಯುಕೆಯಲ್ಲಿ ಇದ್ದ ಐದು ವರ್ಷ ಅಲ್ಲ, ಸ್ಕಿಲ್ಡ್ ವರ್ಕರ್ (ಕಂಪನಿ ಸ್ಪಾನ್ಸರ್ ಮಾಡುವ ಕೆಲಸದ ವೀಸಾ) ತರದ ವೀಸಾದಲ್ಲಿ ಕಳೆದ ಐದು ವರ್ಷ. ಓದಿದ ವರ್ಷ ಅದಕ್ಕೆ ಸೇರುದಿಲ್ಲ, ಗ್ರಾಜುಯೇಟ್ ವೀಸಾದ ವರ್ಷವೂ ಸೇರುದಿಲ್ಲ, ಅಂದ್ರೆ ನಿಮ್ಮ ಮಗಳು ಮೂರು ವರ್ಷ ಅಲ್ಲಿ ಇದ್ದು ಸ್ಕಿಲ್ಡ್ ವರ್ಕರ್‌ಗೆ ಬದಲಾದ ದಿನ ಮೀಟರ್ ಸೊನ್ನೆಯಿಂದ ಶುರು. ಆ ಐದನ್ನೂ ಹತ್ತು ಮಾಡುವ ಮಾತನ್ನು ಅಲ್ಲಿನ ಸರ್ಕಾರ 2025 ಮೇ ತಿಂಗಳ ವೈಟ್ ಪೇಪರಲ್ಲಿ (ಹೊಸ ನೀತಿಯ ಪ್ರಸ್ತಾವದಲ್ಲಿ) ಎತ್ತಿ ಆಗಿದೆ.

"ಆದ್ರೆ ನಮ್ಮ ಪರಿಚಯದವರ ಹುಡುಗನಿಗೆ ಓದಿದ ವರ್ಷ ಸೇರಿಯೇ ಸಿಕ್ಕಿತು" ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಸಿಕ್ಕಿರ್ಬಹುದು, ಅದು ಹತ್ತು ವರ್ಷದ ಲಾಂಗ್ ರೆಸಿಡೆನ್ಸ್ ದಾರಿ (ಹತ್ತು ವರ್ಷ ಸತತ ಅಲ್ಲಿ ಇದ್ದವರಿಗೆ), ಅದರಲ್ಲಿ ಸ್ಟೂಡೆಂಟ್ ವೀಸಾದ ಕಾಲವೂ ಲೆಕ್ಕಕ್ಕೆ ಬರ್ತದೆ. ಎರಡು ಬೇರೆ ದಾರಿಯನ್ನು ಒಟ್ಟಿಗೆ ಕಲಸಿದ್ರಿಂದಲೇ ಈ ಗಲಾಟೆ.

ಇನ್ನೊಂದು ವಿಷಯ, ಇದು ಏಜೆಂಟರಿಗೇ ಗೊತ್ತಿರುದು ಕಮ್ಮಿ. ಸ್ಕಿಲ್ಡ್ ವರ್ಕರ್‌ಗೆ ಈಗ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಸಂಬಳ ಬೇಕು, ಅಥವಾ ಆ ಹುದ್ದೆಗೆ ಸರ್ಕಾರ ಇಟ್ಟ ರೇಟು, ಯಾವುದು ಜಾಸ್ತಿಯೋ ಅದು. ಹೊಸದಾಗಿ ಓದು ಮುಗಿಸಿದವರಿಗೆ ನ್ಯೂ ಎಂಟ್ರಂಟ್ ಅಂತ ರಿಯಾಯಿತಿ ಉಂಟು, 33,400ರಿಂದ. ಆದ್ರೆ ಆ ರಿಯಾಯಿತಿ ಒಟ್ಟು 4 ವರ್ಷಕ್ಕೆ, ಮತ್ತು ಗ್ರಾಜುಯೇಟ್ ವೀಸಾದಲ್ಲಿ ಇದ್ದ ಸಮಯ ಆ ನಾಲ್ಕರಿಂದ ಕಳೀತದೆ. ಪಿಆರ್‌ಗೆ ಕೂಡುದಿಲ್ಲ, ರಿಯಾಯಿತಿಯಿಂದ ಮಾತ್ರ ಕಳೀತದೆ! ಹಾಗಾಗಿ ಎರಡು ವರ್ಷ ವೇರ್‌ಹೌಸಲ್ಲಿ ನೈಟ್ ಶಿಫ್ಟ್ ಮಾಡಿ ಕೊನೇ ಆರು ತಿಂಗಳಲ್ಲಿ ನೋಡುವ ಅನ್ನುದು ಪ್ಲ್ಯಾನ್ ಅಲ್ಲ. ಗ್ರಾಜುಯೇಟ್ ವೀಸಾ ಎಕ್ಸ್‌ಟೆಂಡ್ ಆಗುದಿಲ್ಲ. 2025 ಜುಲೈ 22ರಿಂದ ಹೊಸ ಸ್ಪಾನ್ಸರ್‌ಶಿಪ್‌ಗೆ ಹೆಚ್ಚಾಗಿ ಡಿಗ್ರಿ ಮಟ್ಟದ ಹುದ್ದೆಯೇ ಬೇಕು, ಶೆಫ್ ಕೆಲಸವೂ ಲಿಸ್ಟಿಂದ ಹೊರಗೆ. ಕಂಪನಿಗೆ ಸ್ಪಾನ್ಸರ್ ಲೈಸೆನ್ಸ್ ಇದೆಯಾ ಅಂತ ಏಜೆಂಟನ್ನು ಕೇಳ್ಬೇಡಿ, ಬ್ರಿಟನ್ ಸರ್ಕಾರವೇ ಪಟ್ಟಿ ಹಾಕಿದೆ, ಫ್ರೀ, ಹೆಸರು ಹುಡುಕಿದ್ರೆ ಸಿಕ್ತದೆ.

ಮತ್ತೆ ದಯವಿಟ್ಟು ಈ ಮದುವೆಗೆ ಅಂತ ಊರಿಗೆ ಬರುವ ವಿಷಯ. ಗ್ರಾಜುಯೇಟ್ ವೀಸಾಕ್ಕೆ ಯುಕೆ ಒಳಗೆ ಇದ್ದುಕೊಂಡೇ, ಸ್ಟೂಡೆಂಟ್ ವೀಸಾ ಮುಗಿಯುವ ಮೊದಲೇ ಅರ್ಜಿ ಹಾಕ್ಬೇಕು, ಅದೂ ಕೋರ್ಸ್ ಪಾಸಾಗಿದೆ ಅಂತ ಯೂನಿವರ್ಸಿಟಿ ಹೋಮ್ ಆಫೀಸಿಗೆ (ವೀಸಾ ನೋಡಿಕೊಳ್ಳುವ ಅಲ್ಲಿನ ಇಲಾಖೆಗೆ) ತಿಳಿಸಿದ ನಂತರ. ಅರ್ಜಿ ಹಾಕಿ ಉತ್ತರ ಬರುವ ಮೊದಲು ಅಕ್ಕನ ಮದುವೆಗೆ ಅಂತ ಮಂಗಳೂರಿನ ಬಜ್ಪೆ ಏರ್‌ಪೋರ್ಟಿಗೆ ಬಂದು ಇಳಿದ್ರೆ ಅರ್ಜಿ ವಾಪಸ್ ತಗೊಂಡ ಲೆಕ್ಕ. ಮಂಗಳೂರಲ್ಲಿ ಕೂತು ಇನ್ನೊಮ್ಮೆ ಹಾಕ್ಲಿಕ್ಕೆ ಬರುದಿಲ್ಲ.

ಯಾರೂ ಕೇಳ್ಲಿಲ್ಲ, ಆದ್ರೂ ಹೇಳ್ತೇನೆ: ಎರಡನೇ ಮಗನನ್ನು ಕಳಿಸುವ ಯೋಚನೆ ಇದ್ದವರು ಜರ್ಮನಿಯನ್ನೂ ಒಮ್ಮೆ ನೋಡಿ. ಅಲ್ಲಿ ಓದಿ ಮುಗಿಸಿದವರಿಗೆ ಕೆಲಸ ಹುಡುಕ್ಲಿಕ್ಕೆ 18 ತಿಂಗಳು, ಆ ಸಮಯದಲ್ಲಿ ಯಾವ ಕೆಲಸವೂ ಮಾಡ್ಬಹುದು. ಓದಿಗೆ ತಕ್ಕ ಕೆಲಸದ ಪರ್ಮಿಟಲ್ಲಿ 2 ವರ್ಷ ಕಳೆದು, 24 ತಿಂಗಳು ಪೆನ್ಶನ್ ಕಟ್ಟಿದ್ರೆ ಪಿಆರ್‌ಗೆ ಅರ್ಜಿ ಹಾಕ್ಬಹುದು. ಏಜೆಂಟ್ ಇದನ್ನು ಖುಷಿಯಲ್ಲೇ ಹೇಳ್ತಾನೆ, ಜೊತೆಗೆ ಬಿ1 ಮಟ್ಟದ (ದಿನನಿತ್ಯದ ಮಾತುಕತೆ ನಡೆಸುವಷ್ಟು) ಜರ್ಮನ್ ಬೇಕು ಅನ್ನುದನ್ನು ಮಾತ್ರ ನೀವು ಕೇಳಿದ ಮೇಲೆಯೇ ಹೇಳುದು. ಕ್ಲಾಸಿಗೆ ಇಲ್ಲಿಂದಲೇ ಸೇರಿಸಿ, ಅಲ್ಲಿ ಹೋದ ಮೇಲೆ ಮಾಸ್ಟರ್ಸ್, ಪಾರ್ಟ್‌ಟೈಮ್ ಎರಡರ ನಡುವೆ ಹುಡುಗರಿಗೆ ಪುರುಸೊತ್ತಾಗುದಿಲ್ಲ.