ಎರಡು ಸಿರಿಂಜು, ಒಂದೇ ಟ್ರೇ

ಯಾರೂ ನೀರು ಹಾಕದಿದ್ದರೂ ಹಿತ್ತಲಲ್ಲಿ ಅರಳುವ ನಿತ್ಯಪುಷ್ಪ ಗೊತ್ತಲ್ವಾ? ವಿನ್‌ಕ್ರಿಸ್ಟಿನ್ ಎಂಬ ಕೀಮೋ ಔಷಧಿ ಬಂದಿದ್ದು ಆ ಗಿಡದಿಂದಲೇ. 1963ರಲ್ಲಿ ಅಮೆರಿಕ ಅದಕ್ಕೆ ಒಪ್ಪಿಗೆ ಕೊಟ್ಟಿತು. ಮಕ್ಕಳ ರಕ್ತ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇಂದಿಗೂ ಅದು ಬೇಕೇ ಬೇಕು. ರಕ್ತನಾಳಕ್ಕೆ ಹೋದರೆ ಜೀವ ಉಳಿಸುತ್ತದೆ. ಬೆನ್ನುಹುರಿಯ ಸುತ್ತಲಿನ ನೀರಿಗೆ ಹೋದರೆ ಬಹುತೇಕ ಸಾವೇ.

ಕಷ್ಟ ಏನೆಂದರೆ, ಅದೇ ಮಗುವಿಗೆ ಮೆಥೊಟ್ರೆಕ್ಸೇಟ್ ಎಂಬ ಇನ್ನೊಂದು ಔಷಧಿಯನ್ನು ಬೆನ್ನಿಗೇ ಕೊಡಬೇಕು. ಎರಡೂ ಸಿರಿಂಜು ಒಂದೇ ಟ್ರೇಯಲ್ಲಿ ಬಂದರೆ?

2001ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಅಂಥದೇ ಅದಲುಬದಲು ಆಯಿತು. ರಕ್ತ ಕ್ಯಾನ್ಸರ್ ಹಿಡಿತಕ್ಕೆ ಬಂದಿದ್ದ 18 ವರ್ಷದ ಹುಡುಗನ ಬೆನ್ನಿಗೆ ವೈದ್ಯರು ವಿನ್‌ಕ್ರಿಸ್ಟಿನ್ ಕೊಟ್ಟುಬಿಟ್ಟರು. ಒಂದು ತಿಂಗಳೊಳಗೆ ಅವನು ತೀರಿಕೊಂಡ. ಅದು ಮೊದಲ ಸಾವೇನೂ ಅಲ್ಲ. ಅದೇ ವರ್ಷ ಅಲ್ಲಿನ ಸರ್ಕಾರ ನಿಯಮ ತಂದಿತು: ಬೆನ್ನಿಗೆ ಕೊಡುವ ಕೀಮೋವನ್ನು ಬರೆಯುವವರು, ತಯಾರಿಸುವವರು, ಪರೀಕ್ಷಿಸುವವರು, ಕೊಡುವವರು ಎಲ್ಲರೂ ತರಬೇತಿ ಪಡೆದಿರಬೇಕು, ಹೆಸರು ದಾಖಲೆಯಲ್ಲಿರಬೇಕು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು: ವಿನ್‌ಕ್ರಿಸ್ಟಿನ್ ಸಿರಿಂಜಿನಲ್ಲಿ ಬೇಡ, ಸಣ್ಣ ಸಲೈನ್ ಚೀಲದಲ್ಲಿ ಬೆರೆಸಿ ಕೊಡಿ. ಚೀಲವನ್ನು ಯಾರೂ ಬೆನ್ನಿನ ಸೂಜಿಗೆ ಹಿಡಿಯುವುದಿಲ್ಲ.

ಮೊದಲೆಲ್ಲ ಇಂಥ ಕಲಿಕೆ ಎಲ್ಲಿತ್ತು? 1948ರಲ್ಲಿ ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ರಕ್ತ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಅಮಿನೊಪ್ಟೆರಿನ್ ಎಂಬ ಔಷಧಿ ಕೊಟ್ಟು, 10 ಮಕ್ಕಳು ತಾತ್ಕಾಲಿಕವಾಗಿ ಚೇತರಿಸಿಕೊಂಡಿದ್ದನ್ನು ಪ್ರಕಟಿಸಿದರು. ಆಮೇಲೆ ಔಷಧಿಗಳು ಸಾಲಾಗಿ ಬಂದವು. ನರ್ಸ್‌ಗಳು ಬಹುಪಾಲು ಹಿರಿಯರನ್ನು ನೋಡಿಯೇ ಕಲಿತರು. ವಾರ್ಡಿನ ಮೇಜಿನ ಮೇಲೇ ಔಷಧಿ ಬೆರೆಸುತ್ತಿದ್ದರು. 1979ರಲ್ಲಿ ಫಿನ್‌ಲೆಂಡ್‌ನ ಸಂಶೋಧಕರು ಅಂಥ ನರ್ಸ್‌ಗಳ ಮೂತ್ರದಲ್ಲೇ ವಂಶವಾಹಿಗಳನ್ನು ಕೆಡಿಸುವ ಅಂಶದ ಸುಳಿವು ಕಂಡರು. ಕೈಗವಸು, ಗೌನು, ಔಷಧಿ ಬೆರೆಸಲು ಬೇರೆ ಪೆಟ್ಟಿಗೆ ಇವೆಲ್ಲ ಪಾಠಕ್ಕೆ ಸೇರಿದ್ದು ಆ ಭಯದಿಂದ.

ಮಕ್ಕಳ ವಾರ್ಡಿನ ಲೆಕ್ಕವೇ ಬೇರೆ. 14 ಕಿಲೋ ತೂಕದ ಮೂರು ವರ್ಷದ ಮಗುವಿನ ಮೈ ವಿಸ್ತೀರ್ಣ ಸುಮಾರು 0.6 ಚದರ ಮೀಟರ್. ವಿನ್‌ಕ್ರಿಸ್ಟಿನ್ ಅಳೆಯುವುದು ಈ ವಿಸ್ತೀರ್ಣದ ಮೇಲೆ: ಚದರ ಮೀಟರಿಗೆ 1.5 ಮಿಲಿಗ್ರಾಂ ಅಂದರೆ ಈ ಮಗುವಿಗೆ 0.9 ಮಿಲಿಗ್ರಾಂ. ಸೊನ್ನೆ ಬಿಟ್ಟು ಬರೀ .9 ಎಂದು ಬರೆದರೆ, ಚುಕ್ಕಿ ಕಾಣದೆ ಅದು 9 ಆಗಿಬಿಡಬಹುದು. ಅದಕ್ಕೇ ಸೊನ್ನೆ ಕಡ್ಡಾಯ. ಅದಕ್ಕೇ ಇಬ್ಬರು ಬೇರೆ ಬೇರೆಯಾಗಿ ಲೆಕ್ಕ ಹಾಕಬೇಕು. ಒಬ್ಬರ ಲೆಕ್ಕಕ್ಕೆ ಇನ್ನೊಬ್ಬರು ಸುಮ್ನೆ ತಲೆಯಾಡಿಸುವುದಲ್ಲ.

2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಗುರಿ ಇಟ್ಟಿತು: 2030ರೊಳಗೆ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಕನಿಷ್ಠ ಶೇ 60ರಷ್ಟು ಬದುಕಬೇಕು. ಮಕ್ಕಳ ಕ್ಯಾನ್ಸರ್ ನರ್ಸ್‌ಗಳ ಅಂತರರಾಷ್ಟ್ರೀಯ ಮಾನದಂಡ ಇನ್ನೊಂದು ಮಾತು ಹೇಳುತ್ತದೆ: ಕಲಿತ ನರ್ಸನ್ನು ಬೇರೆ ವಾರ್ಡಿಗೆ ತಿರುಗಿಸಬೇಡಿ. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು ಇದೇ. ತಿಂಗಳುಗಟ್ಟಲೆ ಕಲಿತವರನ್ನು ಡ್ಯೂಟಿ ಪಟ್ಟಿಯ ಒಂದು ಸಾಲು ಬೇರೆಡೆ ಕಳಿಸಿದರೆ, ಹೊಸಬರು ಮತ್ತೆ ನೋಡಿಯೇ ಕಲಿಯಬೇಕು.

ಕಲಿತ ಸಿಸ್ಟರ್ ಮಗುವಿನ ಕೈ ಹಿಡಿದು, ಔಷಧಿ ಬಿಡುವ ಮೊದಲು ಸಿರಿಂಜನ್ನು ಚೂರು ಹಿಂದಕ್ಕೆ ಎಳೆಯುತ್ತಾರೆ. ಕೊಳವೆಯಲ್ಲಿ ಕೆಂಪು ಕಂಡರೆ ಸೂಜಿ ರಕ್ತನಾಳದಲ್ಲೇ ಇದೆ. ಕಾಣದಿದ್ದರೆ ಔಷಧಿ ಹೊರಗೆ ಸೋರಿ ಚರ್ಮ ಸುಡಬಹುದು. ಆಗ ಅವರು ಕೈ ತೆಗೆದು, ಎದುರಿಗೆ ಎಷ್ಟೇ ಹಿರಿಯರಿದ್ದರೂ ಹೇಳಬೇಕು: "ಡಾಕ್ಟ್ರೇ, ಒಂದು ನಿಮಿಷ. ಇದನ್ನು ನಾನು ಕೊಡಲ್ಲ."