ಲೇತ್ ಅದುರಿದರೆ ಮೊದಲು ಮರ ಬಿಚ್ಚಿ

ಮೂಡಿಗೆರೆ, ಸಕಲೇಶಪುರ ಕಡೆಯ ತೋಟಗಳಿಂದ ಬರುವ ಸಿಲ್ವರ್ ಓಕ್ ತುಂಡು, ಕಿತ್ತ ಕಾಫಿ ಗಿಡದ ಬುಡ ಮರ ತಿರುಗಿಸಿ ಕಡೆಯುವ ಲೇತಿಗೆ ಏರಿದಾಗ ಯಂತ್ರ ಗಡಗಡ ಅದುರುವುದುಂಟು. ಬೇರಿಂಗ್ ಹೋಯಿತೆಂದು ಕೂಡಲೇ ಹೆಡ್‌ಸ್ಟಾಕ್ (ಮರ ತಿರುಗಿಸುವ ತಲೆಭಾಗ) ಬಿಚ್ಚಲು ಕೂರಬೇಡಿ.

ಮರ ತೆಗೆದು ಅದೇ ವೇಗದಲ್ಲಿ ಮರ ಕಚ್ಚಿ ಹಿಡಿಯುವ ಚಕ್ ಒಂದನ್ನೇ ಓಡಿಸಿ. ಅದುರು ನಿಂತರೆ ದೋಷ ಮರದ್ದು. ನಿಲ್ಲದಿದ್ದರೆ ಚಕ್ಕನ್ನೂ ತೆಗೆದು ನೋಡಿ, ಕೊನೆಗೆ ಬೆಲ್ಟ್ ಕಳಚಿ ಮೋಟಾರ್ ಒಂದನ್ನೇ ಓಡಿಸಿ. ಆಗಲೂ ಅದುರಿದರೆ ಮೋಟಾರೇ ಕಾರಣ, ಇಲ್ಲವೇ ಅದರ ಪುಲ್ಲಿ.

ಹೆಚ್ಚಿನ ಸಲ ಸಿಕ್ಕಿಬೀಳುವುದು ಮರವೇ. ಕಾಫಿ ಬುಡ ಹುಟ್ಟಾ ಸೊಟ್ಟ. ಮಳೆಗಾಲದ ಹಸಿ ತುಂಡಿನಲ್ಲಿ ಒಂದು ಮಗ್ಗುಲು ಹೆಚ್ಚು ನೀರು ಹಿಡಿದಿರುತ್ತದೆ. ಪ್ಲಗ್ ಕಿತ್ತು, ಬೆಲ್ಟ್ ಸಡಿಲಿಸಿ, ಮರವನ್ನು ಕೈಯಲ್ಲಿ ತಿರುಗಿಸಿ ಬಿಡಿ. ಪ್ರತಿ ಸಲವೂ ಒಂದೇ ಮಗ್ಗುಲು ಕೆಳಗೆ ಬಂದು ನಿಂತರೆ ಅದೇ ಭಾರದ ಕಡೆ. ಸೀಮೆಸುಣ್ಣದ ಗುರುತು ಹಾಕಿ ಅಲ್ಲಿ ಗರಗಸದಿಂದ ಇಳಿಸಿ, ಅಥವಾ ಸೆಂಟರನ್ನು (ಮರ ತಿರುಗುವ ನಡುಬಿಂದು) ಆ ಕಡೆಗೆ ಸರಿಸಿ. ಅರ್ಧ ಕಡೆದು ರಾತ್ರಿ ಬಿಟ್ಟ ಹಸಿ ಬಟ್ಟಲು ಬೆಳಗಾಗುವಷ್ಟರಲ್ಲಿ ಮೊಟ್ಟೆಯಾಕಾರ ತಾಳುತ್ತದೆ. ಹಾಗಾಗಿ 10 ಇಂಚಿನ ಬಟ್ಟಲಿಗೆ 1 ಇಂಚು ದಪ್ಪ ಉಳಿಸಿ, ಒಣಗಿದ ಮೇಲೆ ಮತ್ತೆ ಕಡೆಯಬೇಕು.

ವೇಗದ ಲೆಕ್ಕ ಸುಲಭ. ಇಂಚಿನಲ್ಲಿ ವ್ಯಾಸವನ್ನು ಆರ್‌ಪಿಎಂನಿಂದ (ನಿಮಿಷಕ್ಕೆ ಎಷ್ಟು ಸುತ್ತು) ಗುಣಿಸಿದರೆ 6000ದಿಂದ 9000ದೊಳಗೆ ಬರಬೇಕು. ಅಂದರೆ 12 ಇಂಚಿಗೆ 500ರಿಂದ 750. ಒರಟು ತುಂಡಿಗೆ ಇನ್ನೂ ಕಡಿಮೆಯಿಂದ ಶುರು ಮಾಡಿ. ವೇಗ ಇಮ್ಮಡಿಯಾದರೆ ಸಮತೋಲ ತಪ್ಪಿದ ಭಾರದ ಎಳೆತ ನಾಲ್ಕು ಪಟ್ಟಾಗುತ್ತದೆ. ಬೆಲ್ಟ್ ಜಾಗ ಬದಲಿಸಿ ವೇಗ ಹೊಂದಿಸುವ ಮೆಟ್ಟಿಲು ಪುಲ್ಲಿಯ ಲೇತಿನಲ್ಲಿ ಕನಿಷ್ಠ ವೇಗವೇ ಇದಕ್ಕಿಂತ ಹೆಚ್ಚಿದ್ದರೆ ಅಷ್ಟು ದೊಡ್ಡ ಮರ ಅದಕ್ಕೆ ಹಾಕಲೇಬಾರದು.

ಮರ ತೆಗೆದರೂ ಅದುರಿದರೆ ಚಕ್ ತಿರುಗಿಸುವ ಅಚ್ಚಾದ ಸ್ಪಿಂಡಲ್‌ನ ಭುಜ ಒರೆಸಿ. ಚಕ್ ಕೂರುವ ಜಾಗದಲ್ಲಿ ಸಣ್ಣ ಹೆರೆ ಸಿಕ್ಕಿಕೊಂಡರೂ ಚಕ್ ಓಲಾಡುತ್ತದೆ. ತಿಂಗಳುಗಟ್ಟಲೆ ನಿಂತ ಲೇತಿನ ವಿ-ಬೆಲ್ಟ್ ಪುಲ್ಲಿಯ ಸುತ್ತಳತೆಗೇ ಬಗ್ಗಿ ಗಟ್ಟಿಯಾಗಿರುತ್ತದೆ. ಅರ್ಧ ಗಂಟೆ ಓಡಿಸಿದರೂ ಕುಣಿತ ನಿಲ್ಲದಿದ್ದರೆ ಬದಲಿಸಿ. ಪುಲ್ಲಿಯನ್ನು ಅಚ್ಚಿಗೆ ಹಿಡಿದಿಡುವ ಗ್ರಬ್ ಸ್ಕ್ರೂ ಬಿಗಿ ಇದೆಯೇ, ಎರಡೂ ಪುಲ್ಲಿ ಒಂದೇ ಗೆರೆಯಲ್ಲಿವೆಯೇ ನೋಡಿ. ಸ್ಪಿಂಡಲ್ ಹಿಡಿದು ಮೇಲೆ ಕೆಳಗೆ ಎಳೆದಾಗ ಕೈಗೆ ಆಟ ಸಿಕ್ಕರೆ ಮಾತ್ರ ಬೇರಿಂಗ್ ಮಾತು; ಬದಲಿಸುವುದಾದರೆ ಎರಡನ್ನೂ ಬದಲಿಸಿ.

ಕಾಲುಗಳ ಮೇಲೆ ಮರಳು ಚೀಲ ಹೇರುವುದು ಇದೆಲ್ಲ ಆದ ಮೇಲೆ, ಅದೂ ನಾಲ್ಕು ಕಾಲೂ ನೆಲಕ್ಕೆ ಸರಿಯಾಗಿ ಕೂತಿದ್ದರೆ.

ಲೇತ್ ಸುಮ್ಮನಿದ್ದು ಉಳಿ ತಾಗಿದಾಗ ಮಾತ್ರ ಕಿರಗುಟ್ಟಿ ಸುರುಳಿ ಗೆರೆ ಬಿದ್ದರೆ ಅದು ಬೇರೆಯೇ ತೊಂದರೆ. ಮಂಚದ ಕಾಲಿನಂಥ ಉದ್ದ ಕೆಲಸದಲ್ಲಿ ಮರದ ಇನ್ನೊಂದು ತುದಿ ಒತ್ತಿ ಹಿಡಿಯುವ ಟೇಲ್‌ಸ್ಟಾಕ್ ಅತಿ ಬಿಗಿಯಾದರೆ ಮರ ಬಿಲ್ಲಿನಂತೆ ಬಾಗುತ್ತದೆ. ಸ್ವಲ್ಪ ಸಡಿಲಿಸಿ, ಉಳಿ ಮಸೆದು, ಉಳಿ ಊರುವ ಟೂಲ್ ರೆಸ್ಟನ್ನು ಮರದಿಂದ ಕಾಲಿಂಚು ದೂರಕ್ಕೆ ತನ್ನಿ. ಮರದ ಉದ್ದ ಅದರ ವ್ಯಾಸದ ಹತ್ತು-ಹನ್ನೆರಡು ಪಟ್ಟು ದಾಟಿದರೆ ನಡುವೆ ಸ್ಟೆಡಿ ರೆಸ್ಟ್ (ಬಾಗದಂತೆ ಹಿಡಿಯುವ ಆಸರೆ) ಕೊಡಿ.